ಸುಮ್ಮನಿದ್ದವರ ಒಪ್ಪಿಗೆ

ಆ ಹುಡುಗಿಗೆ ರೇಡಿಯೋ ಎಂದು ಹೆಸರಿಟ್ಟವನು ಅವಳ ಅಪ್ಪ. ಮಾತು ಕಲಿತ ಮೇಲೆ ಅವಳು ಬಾಯಿ ಮುಚ್ಚಿದ್ದೇ ಕಡಿಮೆ. ಉಣ್ಣುವಾಗ, ಜಡೆ ಹಾಕಿಸಿಕೊಳ್ಳುವಾಗ, ಜ್ವರ ಬಂದು ಕಂಬಳಿ ಹೊದ್ದಿದ್ದಾಗಲೂ ಒಳಗಿನಿಂದ ಏನಾದರೊಂದು ಬಿತ್ತರವಾಗುತ್ತಲೇ ಇರುತ್ತಿತ್ತು. “ಇದಕ್ಕೆ ಆರಿಸೋ ಗುಂಡೀನೇ ಇಟ್ಟಿಲ್ಲ ಕಣೇ ದೇವರು,” ಎಂದು ಅಪ್ಪ ಹೆಂಡತಿಯ ಕಡೆ ನೋಡಿ ನಗುತ್ತಿದ್ದ. ಅವನು ಸರಕು ಹಡಗುಗಳ ಹೊಟ್ಟೆಯೊಳಗೆ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದವನು. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದ ಕಾಲು ಪಾಲು ಮನೆಯಲ್ಲಿ. ಎಂಜಿನ್ನಿನ ಸದ್ದು ತಿಂದೂ ತಿಂದೂ ಅವನ ಕಿವಿ ಮಂದವಾಗಿತ್ತು. ಅವನು ಊರಿಗೆ ಬಂದಾಗ ಮನೆಯವರೆಲ್ಲ ಕೂಗಿ ಮಾತಾಡುತ್ತಿದ್ದರು. ಮಗಳ ಗಂಟಲು ಗಟ್ಟಿಯಾದದ್ದು ಹಾಗೆ.

ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು. ಇಡೀ ದಿನ ಬಿಸಿ ಬಟ್ಟೆ ಮಡಿಸಿ ಬಂದರೂ ಮನೆಯಲ್ಲಿ ಮತ್ತೆ ಬಟ್ಟೆ ಮಡಿಸುತ್ತಲೇ ಮಾತಾಡುವಳು. ಬೈಯಬೇಕಾದರೆ ಬಾಯಿ ತುಂಬ ಬೈಯುವಳು. “ಹಾಳಾಗ್ ಹೋಗು, ಅದೇನ್ ಮಾಡ್ಕೋತೀಯೋ ಮಾಡ್ಕೋ,” ಎಂದರೆ ಒಪ್ಪಿದಳು ಎಂದೇ ಲೆಕ್ಕ.

ಇಷ್ಟು ಮಾತಿನ ಮನೆಯಲ್ಲಿ ಒಂದಕ್ಕೆ ಮಾತ್ರ ಮಾತಿರಲಿಲ್ಲ. ದೊಡ್ಡವರು ಏನಾದರೂ ಕೇಳಿದಾಗ ಅವರ ಮುಖ ನೋಡಿ ‘ಬೇಡ’ ಎನ್ನುವುದಕ್ಕೆ. ಮಗಳು ಹತ್ತನೇ ತರಗತಿ ಮುಗಿಸಿದಾಗ ಸೋದರಮಾವ ಒಂದು ಗಂಡು ನೋಡಿಕೊಂಡು ಬಂದ. ಹುಡುಗನ ಗುಣ, ಮನೆ, ಮೂಗು ಎಲ್ಲವನ್ನೂ ವರ್ಣಿಸಿ, “ಏನಂತೀರಿ ಭಾವ?” ಎಂದ. ಅಪ್ಪ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ, ಏನೂ ಅನ್ನಲಿಲ್ಲ. ಅಮ್ಮ ಬಟ್ಟೆ ಮಡಿಸಿದಳು, ಅವಳೂ ಏನೂ ಅನ್ನಲಿಲ್ಲ. ಮಾವ ಲೋಟ ಬರಿದು ಮಾಡಿ, “ಆಯ್ತು ಬಿಡಿ, ಓದ್ಲಿ,” ಎಂದು ಎದ್ದ. ಮುಂದಿನ ವಾರ ಏನೂ ಆಗದವನಂತೆ ಒಂದು ಚೀಲ ಹಣ್ಣು ಹಿಡಿದು ಬಂದ. ಕೇಳಿದವರ ಮುಖ ಮುರಿಯಬಾರದು, ಹೇಳುವವರ ಮನಸ್ಸೂ ತಿಳಿಯಬೇಕು. ಸುಮ್ಮನಿದ್ದರೆ ಎರಡೂ ಆಗುತ್ತದೆ. ಹೂಂ ಎನ್ನುವುದಕ್ಕೆ ಗದ್ದಲ, ಉಹೂಂ ಎನ್ನುವುದಕ್ಕೆ ಮೌನ. ಅದು ತಮ್ಮ ಮನೆಯ ರೀತಿ, ಬೇರೆ ಮನೆಗಳಲ್ಲಿ ಬೇರೆ ಇರಬಹುದು ಎಂಬುದು ಕೂಡ ಆ ಹುಡುಗಿಗೆ ಗೊತ್ತಿರಲಿಲ್ಲ. ಹಾಲಿನ ಜೊತೆ ಕುಡಿದದ್ದನ್ನು ಯಾರು ಯೋಚನೆ ಮಾಡುತ್ತಾರೆ?

ಅವಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಅಪ್ಪನ ಹಡಗು ನಿಂತುಹೋಯಿತು. ಎಂಜಿನ್ ಕೆಟ್ಟು ನಿಂತದ್ದಲ್ಲ. ಹಡಗಿನ ಮಾಲೀಕ ಒಂದು ಬೆಳಿಗ್ಗೆ ಕಂಪನಿಯ ಬಾಗಿಲಿಗೆ ಬೀಗ ಜಡಿದು ಮಾಯವಾಗಿದ್ದ. ಹಡಗು ಆಗ ಬೇರೆ ದೇಶದ ಬಂದರಿನ ಹೊರಗೆ ಲಂಗರು ಹಾಕಿತ್ತು. ಆ ಬಂದರಿನವರು ಅದನ್ನು ಒಳಗೂ ಬಿಡಲಿಲ್ಲ, ಹೊರಗೂ ಬಿಡಲಿಲ್ಲ. ಯಾರೂ ಇಲ್ಲದ ಹಡಗು ಗಾಳಿಗೆ ಜಾರಿ ಬಂದು ಬೇರೆ ಹಡಗಿಗೆ ಬಡಿದರೆ ಹೊಣೆ ಯಾರು? ಹಾಗಾಗಿ ಕೆಲವರಾದರೂ ಮೇಲೇ ಇರಬೇಕು ಎಂದು ಅಲ್ಲಿಯ ನ್ಯಾಯಾಲಯ ಹೇಳಿತು. ಹೋಗಬಲ್ಲವರು ಹೋದರು. ಕೊನೆಗೆ ಉಳಿದವರು ಡೆಕ್ಕಿನ ಕೆಲಸದ ಇಬ್ಬರು, ಹಡಗಿನ ಅಡುಗೆಯವನು, ಮತ್ತೆ ಅಪ್ಪ. ನಾಲ್ವರ ಕಾಲಿಗೂ ಸರಪಳಿ ಇರಲಿಲ್ಲ. ದಡದ ದೀಪಗಳು ಕಣ್ಣಿಗೆ ಕಾಣುತ್ತಿದ್ದವು, ಇಳಿಯುವ ಹಾಗಿರಲಿಲ್ಲ. ಅಪ್ಪನ ಮೊಣಕಾಲ ಕೆಳಗೆ ಕಬ್ಬಿಣದ ಮೆಟ್ಟಿಲು ತಗುಲಿ ಆದ ಗಾಯ ಆರದೆ ಹಾಗೇ ಉಳಿದಿತ್ತು. ಕುಡಿಯುವ ನೀರು ತರುವ ದೋಣಿಯವರು ಬಂದಾಗ ಅವರ ಬ್ಯಾಟರಿಯಿಂದ ಫೋನಿಗೆ ಒಂದಿಷ್ಟು ಜೀವ ತುಂಬಿಸಿಕೊಂಡು ಮನೆಗೆ ಕರೆ ಮಾಡುತ್ತಿದ್ದ. ಆ ದೋಣಿಯವರು ಅದಕ್ಕೆ ಏನೂ ಕೇಳುತ್ತಿರಲಿಲ್ಲವಂತೆ. ಒಮ್ಮೊಮ್ಮೆ ತಮ್ಮ ಬುತ್ತಿಯಿಂದಲೇ ಒಂದು ಈರುಳ್ಳಿ, ನಾಲ್ಕು ಮೆಣಸಿನಕಾಯಿ ಕೊಟ್ಟು ಹೋಗುತ್ತಿದ್ದರಂತೆ.

ಅಮ್ಮ ಮಗಳು ಹಡಗುಗಳ ಇಲಾಖೆಯ ಕಚೇರಿಗೆ ಹೋದರು. ಮೇಜಿನ ಹಿಂದಿನ ಗುಮಾಸ್ತ ತಲೆ ಎತ್ತದೆ, “ಬೇರೆ ದೇಶದ ನೀರು, ಬೇರೆ ದೇಶದ ಬಾವುಟ, ಮಾಲೀಕ ಇನ್ನೊಂದು ದೇಶದವನು. ನಾವೇನ್ ಮಾಡೋಣ ಹೇಳಿ,” ಎಂದ.

“ಮನುಷ್ಯ ಮಾತ್ರ ಈ ದೇಶದವನು ಅಲ್ವಾ ಸರ್?” ಎಂದಳು ಹುಡುಗಿ.

ಅಲ್ಲಿಂದ ಶುರುವಾಯಿತು ಅವಳ ಮಾತು. ಅಕ್ಕಪಕ್ಕದ ಮೇಜಿನವರು ಕೆಲಸ ಬಿಟ್ಟು ಕೇಳಿದರು. ಮಾತು ಮುಗಿಯುವ ಹೊತ್ತಿಗೆ ಗುಮಾಸ್ತ ಎದ್ದು ಹೋಗಿ ತನ್ನ ಕುರ್ಚಿಯನ್ನೇ ಎಳೆದು ತಂದು ಅಮ್ಮನಿಗೆ ಕೊಟ್ಟ. ಕೆಲಸ ಏನೂ ಆಗಲಿಲ್ಲ. ಆದರೆ ಬಾಗಿಲ ಬಳಿ ಕಾದಿದ್ದ ಇನ್ನೊಬ್ಬ ಹೆಂಗಸು ಅವಳ ಕೈ ಹಿಡಿದು, “ನಮ್ಮೆಜಮಾನ್ರೂ ಇನ್ನೊಂದು ಹಡಗಲ್ಲಿ ಹೀಗೇ ಇದ್ದಾರೆ ಕಣಮ್ಮ. ನಮಗೂ ಸ್ವಲ್ಪ ಮಾತಾಡು,” ಎಂದಳು.

ಹೀಗೆ ಗುಂಪು ಕೂಡಿತು. ಕೈಬಿಟ್ಟ ಹಡಗುಗಳಲ್ಲಿ ಅಪ್ಪಂದಿರು, ಅಣ್ಣಂದಿರು ಇದ್ದ ಹುಡುಗರು, ಹುಡುಗಿಯರು. ಸೇರಲು ಜಾಗವಿರಲಿಲ್ಲ, ಸಾರ್ವಜನಿಕ ಗ್ರಂಥಾಲಯದ ಮೇಲ್ವಿಚಾರಕಿ ಮಧ್ಯಾಹ್ನ ತಾನು ಊಟಕ್ಕೆ ಹೋಗುವಾಗ ಪತ್ರಿಕೆಗಳ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ‘ಮರೆತು’ ಹೋಗುತ್ತಿದ್ದಳು. ಆ ಕೋಣೆಯಿಂದ ಅವರು ಬಂದರಿನ ಗೇಟಿನವರೆಗೆ ನಡೆದರು, ಶಾಸಕರ ಮನೆ ಮುಂದೆ ನಿಂತರು, ಕಾಲೇಜುಗಳಲ್ಲಿ ಭಾಷಣ ಮಾಡಿದರು. ಸಹಪಾಠಿಗಳು ಗೇಲಿ ಮಾಡದೆ ಬಿಡುತ್ತಾರೆಯೇ? “ಏನಮ್ಮಾ ಲೀಡರ್ರು, ಇವತ್ತು ಯಾವ ದೇಶದ ಮೇಲೆ ಯುದ್ಧ?” ಎನ್ನುವರು. “ನಿಮ್ಮ ಬೆಂಚಿನ ಮೇಲೇ ಮೊದಲು, ಸ್ವಲ್ಪ ಸರೀರಿ,” ಎಂದು ಅವಳು ತಳ್ಳಿಕೊಂಡು ಕೂರುವಳು. ಗೇಲಿ ಮಾಡಿದವರೇ ಯುವ ಪರಿಷತ್ತಿನ ಚುನಾವಣೆಯಲ್ಲಿ ಅವಳಿಗೆ ಮತ ಹಾಕಿ ಗೆಲ್ಲಿಸಿದರು.

ಅಷ್ಟರಲ್ಲಿ ಸುದ್ದಿ ಬಂತು. ಮಾಲೀಕರು ಕೈಬಿಟ್ಟ ಹಡಗುಗಳ ಬಗ್ಗೆ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ. ಹಡಗು ಯಾರದೇ ಆಗಲಿ, ಯಾವ ಬಂದರಿನ ಮುಂದೆ ನಿಂತಿದೆಯೋ ಆ ದೇಶ ಜನರನ್ನು ಇಳಿಸಿ ಮನೆಗೆ ಕಳಿಸಬೇಕು. ನಮ್ಮ ದೇಶದ ನಿಯೋಗದಲ್ಲಿ ಯುವಜನರ ಪರವಾಗಿ ಒಬ್ಬರಿಗೆ ಜಾಗವಿದೆ. ಅವಳು ಹೋಗಿ ಸಂದರ್ಶನಕ್ಕೆ ಕೂತಳು.

“ನೀವ್ಯಾಕೆ ಬರ್ಬೇಕು ಅಂತೀರಿ?” ಎಂದು ಕೇಳಿದರು.

“ನಮ್ಮಪ್ಪನ್ನ ಕರ್ಕೊಂಡ್ ಬರೋಕೆ.”

ಕೂತವರಲ್ಲಿ ಇಬ್ಬರು ನಕ್ಕರು. ನಡುವೆ ಕೂತಿದ್ದ ರಾಯಭಾರಿ ನಗಲಿಲ್ಲ. ನಿವೃತ್ತಿಗೆ ಹತ್ತಿರವಾದ, ತಲೆಯೆಲ್ಲ ಬೆಳ್ಳಗಾದ ಮನುಷ್ಯ. ತನ್ನ ಮುಂದಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿ, “ಕುಡಿದು ಮುಂದೆ ಹೇಳಮ್ಮ,” ಎಂದರು. ಆ ಲೋಟವನ್ನು ಅವಳು ಮರೆಯಲಿಲ್ಲ.

ಆಮೇಲೆ ಕೆಲವು ತಿಂಗಳು ಅವಳು ಅವರ ಕಚೇರಿಗೆ ಹೋಗಿ ಕಲಿತಳು. ಎಲ್ಲಿ ಕೂರಬೇಕು, ಯಾರನ್ನು ಹೇಗೆ ಕರೆಯಬೇಕು, ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಅನುವಾದಕರ ದನಿ ಬರುವ ತನಕ ಹೇಗೆ ತಡೆದುಕೊಳ್ಳಬೇಕು. ರಾಯಭಾರಿಗಳು ಶುಂಠಿ ಪೆಪ್ಪರ್‌ಮಿಂಟಿನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟುಕೊಂಡು ಹೇಳಿಕೊಡುವರು. ಒಂದು ದಿನ ಒಪ್ಪಂದ ಹೇಗೆ ಅಂಗೀಕಾರವಾಗುತ್ತದೆ ಎಂದು ವಿವರಿಸಿದರು.

“ನಾವು ಸಾಮಾನ್ಯವಾಗಿ ಕೈ ಎತ್ತಿಸೋದಿಲ್ಲ. ಕೊನೇ ಕರಡನ್ನ ಎಲ್ಲ ದೇಶಗಳಿಗೂ ಹಂಚ್ತಾರೆ, ಒಂದು ಗಡುವು ಕೊಡ್ತಾರೆ. ಗಡುವಿನೊಳಗೆ ಯಾವ ದೇಶವೂ ಆಕ್ಷೇಪ ಕಳಿಸದಿದ್ರೆ ಎಲ್ಲರೂ ಒಪ್ಪಿದ ಹಾಗೆ. ಒಂದೇ ಒಂದು ದೇಶ ಬಾಯಿಬಿಟ್ರೂ ಸಾಕು, ಕರಡು ವಾಪಸ್ ಮಾತುಕತೆಗೆ ಬರುತ್ತೆ.”

“ಅಂದ್ರೆ ಸುಮ್ನಿದ್ರೆ ಹೂಂ ಅಂತ?”

“ಮೌನಂ ಸಮ್ಮತಿ ಲಕ್ಷಣಂ. ಕೇಳಿಲ್ವಾ?”

ಕೇಳಿದ್ದಳು, ಪುಸ್ತಕದಲ್ಲಿ. ಸಂಜೆ ಅಮ್ಮನಿಗೆ ಹೇಳಿದಾಗ ಅಮ್ಮ ಮಡಿಸುತ್ತಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ನಕ್ಕುಬಿಟ್ಟಳು. “ಇದ್ಯಾವ ಸೀಮೆ ನ್ಯಾಯವೇ! ಬಾಯ್ಮುಚ್ಕೊಂಡೋರೆಲ್ಲ ಒಪ್ಪಿದೋರು ಅಂದ್ರೆ ಈ ಲೋಕದಲ್ಲಿ ಒಪ್ಪದೋರು ಯಾರಿದ್ದಾರೆ?”

“ಅದು ದೇಶದೇಶಗಳ ಮಧ್ಯೆ ಕಣಮ್ಮ. ನಮ್ಮ ನಿಮ್ಮ ಹಾಗಲ್ಲ.”

ಸಭೆ ನಡೆದ ಕಟ್ಟಡ ಎಷ್ಟು ದೊಡ್ಡದೆಂದರೆ ಮೊದಲ ದಿನ ಅವಳು ಶೌಚಾಲಯ ಹುಡುಕಿಕೊಂಡು ಹೋಗಿ ಮೂರು ಕಾರಿಡಾರು ದಾಟಿ ಅಡುಗೆಮನೆಗೆ ತಲುಪಿದ್ದಳು. ಅಲ್ಲಿ ಕಾಫಿ ಗಾಡಿ ತಳ್ಳುವ ಹೆಂಗಸು ಅವಳ ಹೆಗಲು ಹಿಡಿದು ತಿರುಗಿಸಿ ದಾರಿ ತೋರಿಸಿದಳು. ಆಮೇಲೆ ಪ್ರತಿದಿನ, ಅವಳು ಕೇಳದಿದ್ದರೂ, ಭಾಷಣದ ಗಂಟಲಿಗೆಂದು ಒಂದು ಲೋಟ ಬಿಸಿನೀರು ತಂದಿಡುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು.

ಅವಳ ಭಾಷಣ ಎರಡನೆಯ ದಿನ. ಹೆಚ್ಚೇನೂ ಹೇಳಲಿಲ್ಲ. ಅಪ್ಪ ಪ್ರತಿ ಬೆಳಿಗ್ಗೆ ಎದ್ದು ಓಡದ ಎಂಜಿನ್ನಿಗೆ ಎಣ್ಣೆ ಹಾಕುತ್ತಾನೆ, ಯಾಕೆಂದರೆ ಕೈಗೆ ಬೇರೆ ಕೆಲಸವಿಲ್ಲ ಎಂದಳು. ಮಳೆ ಬಂದರೆ ನಾಲ್ವರೂ ಡೆಕ್ಕಿನ ಮೇಲೆ ಪಾತ್ರೆ ಹರಡುತ್ತಾರೆ ಎಂದಳು. ಹಡಗಿನ ಅಡುಗೆಯವರು, ಅವಳು ಅಡುಗೆ ಮಾಮ ಎನ್ನುವವರು, ತಮ್ಮ ಮಗಳು ಹುಟ್ಟಿದಾಗಿನಿಂದ ಅವಳ ಮುಖ ನೋಡಿಲ್ಲ, ಆ ಮಗು ಈಗ ಫೋನಿಗೇ ಅಪ್ಪ ಎನ್ನುತ್ತದೆ ಎಂದಳು. ಗಾಜಿನ ಗೂಡಿನೊಳಗೆ ಕೂತು ಅನುವಾದಿಸುತ್ತಿದ್ದ ಹೆಂಗಸು ಆ ಮಾತಿನ ಬಳಿ ಒಂದು ಕ್ಷಣ ನಿಂತು, ಮೈಕು ಮುಚ್ಚಿ ಮೂಗೊರೆಸಿಕೊಂಡು, ಮತ್ತೆ ಮುಂದುವರಿಸಿದಳು. ಚಪ್ಪಾಳೆ ದೊಡ್ಡದಾಗಿಯೇ ಬಿತ್ತು. ಗೊತ್ತಿಲ್ಲದ ದೇಶದವರೆಲ್ಲ ಬಂದು ಕೈಕುಲುಕಿದರು.

ಕೊನೆಯ ಕರಡು ಬಂದದ್ದು ವಾರದ ಕೊನೆಗೆ, ಗಡುವು ಮರುದಿನ ನಡುಹಗಲು. ಕರಡು ಬಂದ ದಿನವೇ ಮಧ್ಯಾಹ್ನ ರಾಯಭಾರಿಗಳು ಅವಳನ್ನು ನಿಯೋಗದ ಸಣ್ಣ ಕೋಣೆಗೆ ಕರೆದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಒರಗಿಸಿದ ಮಡಿಸುವ ಕುರ್ಚಿಗಳು, ಮೇಜಿನ ಮೇಲೆ ಅದೇ ಪೆಪ್ಪರ್‌ಮಿಂಟಿನ ಡಬ್ಬಿ. ಅವರು ಬಾಗಿಲು ಮುಚ್ಚಿದರು. ಮುಖ ಬಾಡಿತ್ತು.

“ಕೂತ್ಕೋ ಮಗೂ. ಕೊನೇಲಿ ಒಂದು ಕಲಮು ಸೇರ್ಸಿದಾರೆ. ಒಪ್ಪಂದ ಜಾರಿಗೆ ಬಂದ ಮೇಲೆ ಯಾವ ಹಡಗನ್ನ ಕೈಬಿಡ್ತಾರೋ ಅದಕ್ಕೆ ಮಾತ್ರ ಇದು ಅನ್ವಯ. ಈಗಾಗಲೇ ನಿಂತಿರೋ ಹಡಗುಗಳಿಗಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

“ದೊಡ್ಡ ಬಂದರುಗಳಿರೋ ದೇಶಗಳು ಇದಿಲ್ದೆ ಸಹಿ ಹಾಕಲ್ಲ ಅಂತಿವೆ,” ಎಂದು ಅವರು ಮುಂದುವರಿಸಿದರು. “ನಾವು ಆಕ್ಷೇಪ ಕಳಿಸಿದ್ರೆ ಕರಡು ವಾಪಸ್ ಬರುತ್ತೆ. ಹಳೇ ಹಡಗುಗಳನ್ನ ಸೇರಿಸೋಕೆ ಮತ್ತೆ ಜಗ್ಗಾಡಬಹುದು. ಇಲ್ಲ, ಇಡೀ ಒಪ್ಪಂದವೇ ಮುರಿದು ಬೀಳಬಹುದು. ಸುಮ್ನಿದ್ರೆ ಮುಂದೆ ಸಿಕ್ಕಿಹಾಕ್ಕೊಳೋರಿಗಾದ್ರೂ ಒಂದು ದಾರಿ ಆಗುತ್ತೆ. ಹನ್ನೆರಡು ವರ್ಷದಿಂದ ಇದರ ಹಿಂದೆ ಬಿದ್ದಿದೀನಿ ನಾನು. ಆದ್ರೆ ಹಡಗಲ್ಲಿರೋದು ನಿಮ್ಮಪ್ಪ. ನಿನ್ನ ಕೇಳ್ದೆ ನಾನು ಮುಂದೆ ಹೋಗಲ್ಲ. ನೀನು ಬೇಡ ಅಂದ್ರೆ ಈಗಲೇ ಆಕ್ಷೇಪ ಕಳಿಸ್ತೀನಿ. ಹೇಳು, ಈ ಕರಡು ಹೀಗೇ ಹೋಗ್ಲಾ?”

ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಡ. ಅಪ್ಪನ ಕಾಲು, ಅಡುಗೆ ಮಾಮನ ಮಗು, ಡೆಕ್ಕಿನ ಮೇಲಿನ ಪಾತ್ರೆಗಳು. ಬೇಡವೇ ಬೇಡ. ಆದರೆ ಎದುರಿಗೆ ಕೂತಿದ್ದ ಮುಖ ನೀರು ಕೊಟ್ಟ ಮುಖ. ಹನ್ನೆರಡು ವರ್ಷ ಎಂದಾಗ ಆ ದನಿ ಸ್ವಲ್ಪ ನಡುಗಿತ್ತು. ಅಂಥವರ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ಹೇಗೆ? ಅವಳು ತಲೆ ತಗ್ಗಿಸಿದಳು. ಮೇಜಿನ ಮೇಲಿನ ಕಾಗದದ ಅಂಚನ್ನು ಉಗುರಿನಿಂದ ನೇವರಿಸಿದಳು. ಸುಮ್ಮನಾದಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಅವಳು ಯಾರ ಎದುರೂ ಸುಮ್ಮನಿದ್ದವಳಲ್ಲ. ಅಷ್ಟು ಗಟ್ಟಿಯಾಗಿ ಅವಳು ಎಂದೂ ಬೇಡ ಎಂದಿರಲಿಲ್ಲ.

ರಾಯಭಾರಿಗಳು ಅವಸರಪಡಿಸಲಿಲ್ಲ. ಬಹಳ ಹೊತ್ತು ಕಾದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

“ಅರ್ಥವಾಯ್ತಮ್ಮ. ಇನ್ನೇನೂ ಹೇಳ್ಬೇಡ. ನಾನು ನೋಡ್ಕೋತೀನಿ.”

ಬಾಯಿಬಿಡಿಸದೆ ಮನಸ್ಸು ತಿಳಿದುಕೊಂಡ ಆ ಹಿರಿಯರ ಬಗ್ಗೆ ಅವಳಿಗೆ ಅಪ್ಪನ ಮೇಲಿನಷ್ಟೇ ಪ್ರೀತಿ ಉಕ್ಕಿತು. ಹೊರಗೆ ಬಂದು ಮನೆಗೆ ಫೋನು ಮಾಡಿದಳು.

“ಹಳೇ ಹಡಗು ಬಿಟ್ಟುಬಿಡೋಣ ಅಂತ ನೋಡಿದ್ರಮ್ಮ. ನಮ್ ಸಾಹೇಬ್ರು ಬಿಡಲ್ಲ.”

“ನೀನು ಬೇಡ ಅಂದ್ಯಾ?” ಎಂದಳು ಅಮ್ಮ.

“ಕೇಳಿದ್ರು. ಸುಮ್ನೆ ಕೂತೆ. ಅರ್ಥವಾಯ್ತು ಅಂದ್ರು.”

“ಒಳ್ಳೇ ಜನ ಕಣೇ,” ಎಂದಳು ಅಮ್ಮ. ಹಿಂದೆ ಲಾಂಡ್ರಿಯ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. “ಇಂಥೋರು ಸಿಗೋದು ಕಷ್ಟ. ಅವ್ರಿಗೆ ನನ್ನ ನಮಸ್ಕಾರ ಹೇಳು.”

ದೇಶದೇಶಗಳ ನಡುವಿನ ಆ ನಿಯಮ ಒಂದು ಸಣ್ಣ ಕೋಣೆಯಲ್ಲಿ ಕೂತ ಹುಡುಗಿಯನ್ನೂ ಮುದುಕರನ್ನೂ ಮುಟ್ಟುತ್ತದೆ ಎಂದು ತಾಯಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಮರುದಿನ ನಡುಹಗಲು ಕಳೆದು ಎಲ್ಲರೂ ದೊಡ್ಡ ಸಭಾಂಗಣದಲ್ಲಿ ಸೇರಿದರು. ಅಧ್ಯಕ್ಷೆ ಮೈಕಿನ ಮುಂದೆ ಬಂದಾಗ ರೇಡಿಯೋ ತನ್ನ ಕುರ್ಚಿಯ ತುದಿಗೆ ಸರಿದಳು. ಈಗ ಹೇಳುತ್ತಾರೆ, ಇಂಥ ದೇಶದ ಆಕ್ಷೇಪ ಬಂದಿದೆ, ಮಾತುಕತೆ ಮುಂದುವರಿಯುತ್ತದೆ ಎಂದು. ತಮ್ಮ ದೇಶದ ಹೆಸರು ಆ ಹೆಂಗಸಿನ ಬಾಯಲ್ಲಿ ಹೇಗೆ ಕೇಳಿಸಬಹುದು ಎಂದೂ ಯೋಚಿಸಿದಳು. ಕಿವಿಯಲ್ಲಿ ಅನುವಾದಕಿಯ ದನಿ ಬಂತು.

“ಗಡುವಿನೊಳಗೆ ಯಾವುದೇ ದೇಶದಿಂದ ಆಕ್ಷೇಪ ಬಂದಿಲ್ಲ. ಆದ್ದರಿಂದ ಈ ಒಪ್ಪಂದ ಅಂಗೀಕಾರವಾಗಿದೆ.”

ಮರದ ಸುತ್ತಿಗೆ ಒಮ್ಮೆ ಬಡಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ, ಈ ಸಭೆಯ ಆತ್ಮಸಾಕ್ಷಿಯನ್ನು ಎಬ್ಬಿಸಿದ ಯುವ ಪ್ರತಿನಿಧಿಗೆ ವಿಶೇಷ ಧನ್ಯವಾದ ಎಂದಾಗ ಕ್ಯಾಮೆರಾಗಳು ಅವಳ ಕಡೆ ತಿರುಗಿದವು. ಅವಳು ಕೂತೇ ಇದ್ದಳು. ಪಕ್ಕದ ದೇಶದವರು ಯಾರೋ ಅವಳ ಮೊಣಕೈ ಹಿಡಿದು ನಿಲ್ಲಿಸಿದರು.

ಕಾರಿಡಾರಿನಲ್ಲಿ ರಾಯಭಾರಿಗಳನ್ನು ಹಿಡಿದಳು.

“ಸರ್, ಆಕ್ಷೇಪ ಕಳಿಸ್ಲಿಲ್ವಾ?”

ಅವರು ಅವಳನ್ನೇ ನೋಡಿದರು. “ಆಕ್ಷೇಪ? ನಾನು ನಿನ್ನ ಕೇಳ್ದೆನಲ್ಲಮ್ಮ.”

“ಕೇಳಿದ್ರಿ. ನಾನು ಬೇಡ ಅಂದೆ.”

“ಎಲ್ಲಿ ಅಂದೆ?”

“ಸುಮ್ನೆ ಕೂತೆನಲ್ಲ ಸರ್! ತಲೆ ತಗ್ಗಿಸ್ಕೊಂಡು ಅಷ್ಟೊತ್ತು ಸುಮ್ನೆ ಕೂತೆನಲ್ಲ! ನೀವೇ ಅರ್ಥವಾಯ್ತು ಅಂದ್ರಿ.”

ಅವರ ಮುಖದ ಬಣ್ಣ ಇಳಿಯಿತು. ಗೋಡೆಗೆ ಕೈಕೊಟ್ಟು ನಿಂತರು. “ನಾನು... ನೀನು ಒಪ್ಕೊಂಡೆ ಅಂದ್ಕೊಂಡೆ. ಬಾಯಲ್ಲಿ ಹೇಳೋಕಾಗ್ತಿಲ್ಲ, ಅಪ್ಪನ್ನ ಬಿಟ್ಕೊಟ್ಟು ಬೇರೆಯೋರ ಮಕ್ಕಳ ಬಗ್ಗೆ ಯೋಚ್ನೆ ಮಾಡ್ತಿದೀಯ ಅಂದ್ಕೊಂಡೆ. ರಾತ್ರಿಯಿಡೀ ಅದನ್ನೇ ನೆನೆಸ್ಕೊಂಡೆನಲ್ಲಮ್ಮ, ಎಂಥಾ ಹುಡುಗಿ ಅಂತ.” ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಒಂದು ಮಾತು. ಒಂದೇ ಒಂದು ಮಾತು ಆಡಿದ್ರೆ...”

“ಈಗ ಕಳಿಸೋಕಾಗಲ್ವಾ?”

ಆಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವರೇ ಕಲಿಸಿದ್ದರು. ಅವರು ಬರೀ ತಲೆಯಾಡಿಸಿದರು. ಸಂಜೆ ನಿಯೋಗಗಳು ತಮ್ಮ ತಮ್ಮ ನಿಲುವು ತಿಳಿಸುವ ಅವಕಾಶವಿದೆ, ನನ್ನ ಪಾಲಿನ ಹೊತ್ತನ್ನೆಲ್ಲ ನಿನಗೆ ಕೊಡುತ್ತೇನೆ, ನೀನು ಹೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ, ಎಂದರು. “ಅದರಿಂದ ಯಾರಾದ್ರೂ ಹಡಗಿಂದ ಇಳೀತಾರಾ ಸರ್?” ಎಂದು ಅವಳು ಕೇಳಿದಳು. ವ್ಯಂಗ್ಯವಾಗಿ ಅಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಅವರು ಮಾತಾಡಲಿಲ್ಲ. ಈ ಸಲ ಇಬ್ಬರಿಗೂ ಅದರ ಅರ್ಥ ಒಂದೇ ಆಯಿತು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಅವಳು ಪ್ರಯತ್ನಪಟ್ಟಳು, ಆಗಲಿಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವಳನ್ನು ಸಣ್ಣವಳೆಂದು ಬದಿಗೆ ತಳ್ಳಿದ್ದರೆ, ಕೇಳದೇ ಇದ್ದಿದ್ದರೆ, ಬೈಯಲು ಒಂದು ದಾರಿಯಾದರೂ ಇರುತ್ತಿತ್ತು. ಅವರು ಕೇಳಿದ್ದರು. ಆ ಕಟ್ಟಡದಲ್ಲಿ ಅವಳನ್ನು ಕೇಳಿದವರು ಅವರೊಬ್ಬರೇ.

ಫೋನು ನಡುಗಿದ್ದು ಒಂದೆರಡು ಗಂಟೆ ಕಳೆದ ಮೇಲೆ. ಅಪ್ಪನ ನಂಬರು.

ಅವಳು ಜನರಿಂದ ತಪ್ಪಿಸಿಕೊಂಡು ಕೋಟುಗಳನ್ನು ತೂಗುಹಾಕುವ ಕೋಣೆಯೊಳಗೆ ಹೊಕ್ಕಳು. ಅಲ್ಲಿ ಟೋಕನ್ನು ಕೊಡುವ ಹೆಂಗಸು ಅವಳ ಮುಖ ಕಂಡವಳೇ ತನ್ನ ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿ, ಬಾಗಿಲು ಅರ್ಧ ಮುಚ್ಚಿ ಹೊರಗೆ ಹೋಗಿ ನಿಂತಳು.

“ರೇಡಿಯೋ!” ಅಪ್ಪ ಕೂಗುತ್ತಿದ್ದ. ಹಿಂದೆ ಗಾಳಿ, ನೀರು, ಯಾರದೋ ನಗು. “ನಿನ್ನ ಸುದ್ದೀನ ರೇಡಿಯೋದಲ್ಲೇ ಕೇಳಿದ್ವಿ ಕಣೇ! ನೀರಿನ ದೋಣಿಯೋರು ಹಾಕಿದ್ರು. ಒಪ್ಪಂದ ಆಯ್ತಂತೆ! ನಮ್ಮ ಹುಡುಗೀನೇ ಮಾಡ್ಸಿದ್ದು ಅಂತ ಎಲ್ರಿಗೂ ಹೇಳ್ದೆ.”

“ಅಪ್ಪಾ, ಸ್ವಲ್ಪ ಕೇಳಪ್ಪ—”

“ಆಂ? ಏನೂ ಕೇಳಿಸ್ತಿಲ್ಲ, ಗಾಳಿ. ನಾವೆಲ್ಲ ಸ್ನಾನ ಮಾಡಿದ್ವಿ ಕಣೇ! ತಿಂಗಳುಗಟ್ಟಲೆ ಉಳಿಸಿಟ್ಟ ನೀರು, ಒಂದೇ ಸಲ ಸುರ್ಕೊಂಡ್ವಿ. ಇನ್ಯಾಕೆ ಉಳಿಸೋದು? ಡೆಕ್ಕಿನ ಹುಡುಗ್ರು ಗಡ್ಡ ಬೋಳಿಸ್ಕೊಂಡಿದಾರೆ, ಒಬ್ಬನಿಗಂತೂ ಗಲ್ಲವೇ ಇಲ್ಲ ನೋಡು, ಗಡ್ಡದ ಕೆಳಗೆ ಇಷ್ಟು ದಿನ ಬಚ್ಚಿಟ್ಟಿದ್ದ! ತಡಿ, ಅಡುಗೆ ಮಾಮ ಫೋನ್ ಕಿತ್ಕೋತಿದಾನೆ. ಮಾತಾಡು, ಮಾತಾಡು.”

“ಅಪ್ಪಾ—”

“ಅಮ್ಮಾ ತಾಯಿ,” ಎಂದಿತು ಇನ್ನೊಂದು ದನಿ. ಮೆತ್ತಗಿನ ದನಿ, ಅವಳು ಭಾಷಣದಲ್ಲಿ ಹೇಳಿದ್ದ ಮನುಷ್ಯನದು. “ನಿನ್ ಹೊಟ್ಟೆ ತಣ್ಣಗಿರ್ಲಿ. ಬಟ್ಟೆ ಗಂಟು ಕಟ್ಟಿದೀನಿ. ಉಳಿದಿದ್ದ ದಿನಸಿಯೆಲ್ಲ ದೋಣಿಯೋರಿಗೆ ಕೊಡ್ತಿದೀವಿ. ಪಾಪ, ಇಷ್ಟು ದಿನ ಅವ್ರೇ ನಮ್ಮನ್ನ ನೋಡ್ಕೊಂಡ್ರಲ್ಲ. ಹಿಟ್ಟಿನ ಚೀಲ ಈಗ ತಾನೇ ಹಗ್ಗ ಕಟ್ಟಿ ಇಳಿಸ್ತಿದಾರೆ. ಅದಿರ್ಲಿ, ನಮ್ಮನ್ನ ಕರ್ಕೊಂಡ್ ಹೋಗೋಕೆ ಯಾವಾಗ ಬರ್ತಾರಮ್ಮ? ನಾಳೇನಾ, ನಾಡಿದ್ದಾ?”

ಅವಳ ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಕೋಟುಗಳ ಸಾಲು ಅವಳ ಎದುರು ನೇತಾಡುತ್ತಿತ್ತು, ತೋಳುಗಳೆಲ್ಲ ಕೆಳಗೆ. ಹೊರಗೆ ಲೋಟಗಳ ಸದ್ದು, ಅಭಿನಂದನೆಗಳು.

“ಹಲೋ? ಕೇಳಿಸ್ತಿದೆಯಾ?” ಎಂದರು ಮಾಮ. ಫೋನಿನಿಂದ ಬಾಯಿ ತಿರುಗಿಸಿ ಯಾರಿಗೋ, ಸಂತೋಷದಲ್ಲೇ, “ಹುಡುಗಿಗೆ ಖುಷಿಗೆ ಮಾತೇ ಹೊರಡ್ತಿಲ್ಲ ಪಾಪ,” ಎಂದರು.

“ಬರಲ್ಲ ಮಾಮ,” ಎಂದಳು ಅವಳು. ದನಿ ಒಡೆಯಿತು. ಇನ್ನೂ ಗಟ್ಟಿಯಾಗಿ, ಬಾಗಿಲಾಚೆ ನಿಂತ ಹೆಂಗಸು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು: “ಯಾರೂ ಬರಲ್ಲ. ಒಪ್ಪಂದ ಮುಂದಿನ ಹಡಗುಗಳಿಗೆ ಮಾತ್ರ. ನಿಮ್ಮದಕ್ಕಿಲ್ಲ. ನನ್ನ ಕೇಳಿದ್ರು ಮಾಮ. ಬೇಡ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ.”

ಅವಳು ಬೈಗುಳಕ್ಕೆ ಕಾದಳು. ಮಾಮನ ಉಸಿರು ಎರಡು ಸಲ ಹತ್ತಿರ ಬಂದು ದೂರ ಹೋಯಿತು.

“ಏನಂತೆ?” ಎಂದು ಹಿಂದಿನಿಂದ ಅಪ್ಪ ಕೇಳುತ್ತಿದ್ದ. “ಯಾವತ್ತಂತೆ?”

ಮಾಮ ಅವನಿಗೆ ಉತ್ತರ ಕೊಡಲಿಲ್ಲ. “ಅಳ್ಬೇಡ ಮಗಳೇ, ಫೋನ್ ಇಡ್ಬೇಡ, ಒಂದ್ ನಿಮಿಷ ಹಾಗೇ ಇರು,” ಎಂದು ಅವಳಿಗೆ ಹೇಳಿದರು. ಆಮೇಲೆ ಕಬ್ಬಿಣದ ಮೇಲೆ ಹೆಜ್ಜೆಗಳು ಓಡಿದವು. ಕಂಬಿಯ ಬಳಿ ಬಗ್ಗಿ ಕೆಳಗಿನವರಿಗೆ ಅವರು ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಏಯ್ ಅಣ್ಣಾ! ನಿಲ್ಸಿ, ನಿಲ್ಸಿ! ಆ ಚೀಲ ಮೇಲಕ್ಕೆ ಎಳೀರಿ. ತಪ್ಪು ತಿಳ್ಕೋಬೇಡಿ ಅಣ್ಣ. ನಮಗೇ ಬೇಕಾಗುತ್ತೆ.”